ತಾನಾಗಿ ಬರಬೇಕಾಗಿದ್ದ ಹೆಂಡತಿ

ಪಂಚಮಿಗೆ ತವರಿಗೆ ಹೋದ ಹೆಂಡತಿಯನ್ನು ಕರೆಯಲು ಹೋಗುವುದಿಲ್ಲ! ಬೈಲಹೊಂಗಲದ ಕಾಲೇಜಿನಲ್ಲಿ ಉಷ್ಣಗತಿಶಾಸ್ತ್ರ ಕಲಿಸುತ್ತಿದ್ದ ನಿಜಗುಣಪ್ಪನವರು ಎಪ್ಪತ್ನಾಲ್ಕರ ಶ್ರಾವಣದಲ್ಲಿ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದರು. ಗಂಡನ ಮನೆಯವರು ಬಂದು ಕರೆದರೆ ಮಾತ್ರ ಹೆಣ್ಣುಮಕ್ಕಳು ತವರಿನ ಹೊಸ್ತಿಲು ದಾಟುವುದು ಈ ಸೀಮೆಯ ವಾಡಿಕೆ. ತವರೂರು ಸುರೇಬಾನಕ್ಕೆ ಹೊರಟ ಹೆಂಡತಿ ದೇವಕ್ಕ "ಕರಿಯಾಕ ಯಾವಾಗ ಬರ್ತೀರಿ?" ಎಂದಾಗ, ಈ ಮಹಾಶಯರು "ನೀ ಇಲ್ಲಂದ್ರ ಮನಿ ಏನ್ ನಿಂತ ಹೋಗೂದಿಲ್ಲ" ಎಂದುಬಿಟ್ಟಿದ್ದರು. ಅವಳು ಸಿಟ್ಟಿನಲ್ಲೇ ಬಸ್ಸು ಹತ್ತಿದ್ದಳು.

"ಬಿಸಿ ಚಾ ಯಾರೂ ಹೇಳದನ ತಾನ ಆರತೈತಿ. ಆಕಿ ಸಿಟ್ಟೂ ಹಂಗ. ಆರಿತು, ಬಂದಳು!" ಎಂದು ನೆರೆಮನೆಯ ತಂಗೆವ್ವನಿಗೆ ಪಾಠ ಹೇಳಿದರು.

ಮನೆ ನಿಲ್ಲಲಿಲ್ಲ, ನಿಜ. ಹಾಲು ಉಕ್ಕಿ ಸ್ಟೋ ಆರಿತು, ಚಿಮಣಿ ಎಣ್ಣೆ ಹಿಟ್ಟಿಗೆ ಬಿತ್ತು, ರೊಟ್ಟಿ ಹಂಚಿಗೆ ಅಂಟಿ ತೊರಗಲ್ ಕೋಟೆಯಂತೆ ಕದಲದೆ ಕೂತಿತು. ತೊಳೆಯದ ಪಾತ್ರೆಗಳು ಬಚ್ಚಲಿನಿಂದ ಪಡಸಾಲೆಗೆ ದಂಡೆತ್ತಿ ಬಂದವು!

"ಏನ್ರಿ ಮಾಸ್ತರ್ರ, ಇದೇನ್ ಅವತಾರ?"

"ತಂಗೆವ್ವಾ, ಬಿಟ್ಟಲ್ಲೆ ಬಿಟ್ರ ಎಲ್ಲಾ ಚೆಲ್ಲಾಪಿಲ್ಲಿ ಆಗೂದು ಜಗತ್ತಿನ ನಿಯಮ."

"ಜಗತ್ತಿಂದ ಇರಲಿ, ನಿಮ್ಮ ಬಚ್ಚಲ ವಾಸನಿ ನಮ್ಮ ಅಡಗಿಮನಿಗೆ ಬರಾಕ ಹತ್ತೈತಿ!"

"ಅದೂ ತಾನಾಗಿ ನಡಿಯೂ ಕ್ರಿಯೆನ. ಎರಡೂ ಮನಿ ವಾಸನಿ ಸರಿಸಮ ಆತಂದ್ರ ಸಮತೋಲ. ಆಮ್ಯಾಲ ಚಿಂತಿಲ್ಲ!"

ತಂಗೆವ್ವ ಫಟ್ಟನೆ ಕದ ಹಾಕಿಕೊಂಡಳು. ಅಂದಿನಿಂದ ಅವಳ ಮನೆಯಿಂದ ಬರುತ್ತಿದ್ದ ಪಲ್ಯದ ಬಟ್ಟಲೂ ನಿಂತಿತು. ಹಸಿವಿಗೆ ಪಂಡಿತನೇನು, ಪಾಮರನೇನು! ಶ್ರಾವಣ ಮುಗಿಯುವಷ್ಟರಲ್ಲಿ ಪಂಡಿತರು ಸುರೇಬಾನದಲ್ಲಿ ಕೆಂಪು ಬಸ್ಸಿನಿಂದ ಇಳಿದಿದ್ದರು.

"ಬರ್ರಿ ಅಳಿಯಾರ. ಕರಿಯಾಕ ಬಂದ್ರೇನು?" ಎಂದರು ಮಾವ ಮಡಿವಾಳೆಪ್ಪ.

ಒಳಗೆ ದೇವಕ್ಕನ ಬಳೆ ಸದ್ದಾಯಿತು. ಹೂಂ ಅಂದರೆ ಮಾನ ಹೋಯಿತು!

"ಛೇ ಛೇ! ಆಕಿ ಬರಾಕಿನ ಇದ್ದಾಳ, ಅದು ಶಾಸ್ತ್ರ. ಯಾವಾಗ ಅಂತ ಕೇಳಾಕ ಬಂದೆ."

"ಅದನ್ನ ನಿಮ್ಮ ಶಾಸ್ತ್ರ ಹೇಳೂದಿಲ್ಲೇನ್ರಿ?" ಎನ್ನುತ್ತ ದೇವಕ್ಕ ಹೊರಗೆ ಬಂದಳು.

ಪಾಠದ ವಿಷಯದಲ್ಲಿ ಸುಳ್ಳಾಡಲು ಮಾಸ್ತರರಿಗೆ ನಾಲಿಗೆ ಏಳಲಿಲ್ಲ. "ಇಲ್ಲ... ಯಾವ ಕಡೆ ಹೋಗತೈತಿ ಅಂತಷ್ಟ ಹೇಳತೈತಿ. ಎಷ್ಟ್ ಹೊತ್ತ ಹಿಡೀತೈತಿ ಅಂತ ಹೇಳೂದಿಲ್ಲ."

"ಹಂಗಾರ ನೀವು ಊರಿಗೆ ಹೋಗಿ ಭಾಂಡೆ ತಿಕ್ಕಕೋಂತ ಇರ್ರಿ. ನಾ ನಾನಾಗೆ ಬರತೇನಿ. ದೀಪಾವಳಿ ಆಗಬಹುದು, ಯುಗಾದಿನೂ ಆಗಬಹುದು."

ಭಾಂಡೆ ಎಂದ ಕೂಡಲೇ ಪಡಸಾಲೆಯ ಪಾತ್ರೆಗಳ ದಂಡು ಕಣ್ಣಿಗೆ ಕಟ್ಟಿ ನಿಜಗುಣಪ್ಪನವರ ಶಾಸ್ತ್ರ, ಮಾನ ಎರಡೂ ಒಟ್ಟಿಗೇ ಕುಸಿದವು. "ಕರಿಯಾಕನ ಬಂದೇನಿ ಮಾರಾಯ್ತಿ!" ಎಂದು ಬಾಯಿ ಬಿಟ್ಟರು. ಓಣಿಯವರೆಲ್ಲ ಇಣುಕಿದರು.

ದೇವಕ್ಕ ಸೆರಗು ಸರಿಪಡಿಸಿಕೊಂಡು ಹೇಳಿದಳು: "ಇನ್ನೊಮ್ಮೆ ಜೋರಾಗಿ ಹೇಳ್ರಿ, ಒಳಗ ಅವ್ವಗ ಕೇಳಿಸಲಿಲ್ಲಂತ."