ಪಾವಗಡ ದಾಟಿದ ಪ್ರಾರ್ಥನೆ

ನಮ್ಮ ಅತ್ತೆಗೊಂದು ಕಾಯಿಲೆಯಿದೆ. ಮಧುಗಿರಿಯಲ್ಲಿ ಅದಕ್ಕೆ ಔಷಧಿ ಇಲ್ಲ, ತುಮಕೂರಿನಲ್ಲೂ ಸಿಗಲಾರದು. ಎದುರಿಗೆ ಬಂದವರ ಹೆಸರು ಕೇಳದಿದ್ದರೆ ಅವರಿಗೆ ಉಂಡ ಮುದ್ದೆ ಅರಗುವುದಿಲ್ಲ! ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆಯಬಹುದೇ ಅನ್ನಬೇಡಿ. ಅವರ ಜೊತೆ ಒಂದು ಸಲ ಸಂತೆಗೆ ಹೋಗಿಬನ್ನಿ, ಆಮೇಲೆ ಮಾತಾಡೋಣ.

ಒಮ್ಮೆ ಪಾವಗಡದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟ ಕೂಡಲೇ "ನಿನ್ ಹೆಸ್ರೇನಪ್ಪಾ?" ಎಂದರು. ಅವನ ಮುಖ ಕಪ್ಪಿಟ್ಟಿತು, ತೆಲುಗು ಬೆರೆತ ಗಡಿಯ ಕನ್ನಡದಲ್ಲಿ ಗೊಣಗಿದ.

"ಏಮಮ್ಮಾ, ಚಿಲ್ರೆ ಕೊಟ್ಟೆ ಕದಾ! ಕಂಪ್ಲೇಂಟ್ ಯಾಕೆ?"

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನ ಹೆಸರು, ಹೆಂಡತಿಯ ಹೆಸರು, ಅವಳ ಮಂಡಿನೋವು ಎಲ್ಲವೂ ಅತ್ತೆಯ ಸೆರಗಿನ ಗಂಟಿಗೆ ಸೇರಿದ್ದವು. ನಾವು ಇಳಿಯಬೇಕಾದ ಸ್ಟಾಪು ಮಾತ್ರ ಹಿಂದೆ ಉಳಿದಿತ್ತು.

ಇಷ್ಟೊಂದು ಹೆಸರು ಯಾಕೆ? ಬೆಳಗಿನ ಪ್ರಾರ್ಥನೆಗೆ! ನಾವು ಕ್ರೈಸ್ತರು. ಅತ್ತೆ ತಮ್ಮ ಕೋಣೆಯಲ್ಲಿ ಮೊಣಕಾಲೂರಿದರೆಂದರೆ ಬಸ್ಸು ಹೊರಟಂತೆಯೇ. ಮೊದಲು ಮಧುಗಿರಿಯವರು, ಆಮೇಲೆ ಕೊರಟಗೆರೆ, ತೋವಿನಕೆರೆ, ಶಿರಾ, ಕೊನೆಗೆ ಪಾವಗಡ. ಒಬ್ಬೊಬ್ಬರದೂ ಹೆಸರು ಹಿಡಿದು ಬೇಡಿಕೆ.

"ಅಮ್ಮ ಎಲ್ಲವ್ರೆ?" ಎಂದು ಕೇಳುತ್ತಾರೆ ನನ್ನ ಗಂಡ.

"ತೋವಿನಕೆರೆ."

"ಅಂಗಾದ್ರೆ ಕಾಫಿ ಈಗ್ಲೇ ಇಡಬ್ಯಾಡ."

ಈಚೀಚೆಗೆ ಪಾವಗಡ ಮುಟ್ಟಿದ ಮೇಲೂ ಅತ್ತೆ ಹೊರಗೆ ಬರುವುದಿಲ್ಲ. ಒಳಗೆ ಸದ್ದೂ ಇರುವುದಿಲ್ಲ. ಮಂಡಿ ಹಿಡಿದುಕೊಂಡಿರಬೇಕು ಎಂದುಕೊಳ್ಳುತ್ತಿದ್ದೆ. ಕಾಫಿ ಆರುತ್ತಿತ್ತು, ನನ್ನ ತಲೆ ಬಿಸಿಯಾಗುತ್ತಿತ್ತು.

"'ಎಲ್ಲರನ್ನೂ ಕಾಪಾಡು' ಅಂದ್ರೆ ಸಾಲ್ದಾ ಅತ್ತೆ? ದೇವರಿಗೆ ಹೆಸರು ಗೊತ್ತಿಲ್ವಾ?" ಎಂದೆ ಒಂದು ದಿನ.

"ಅವ್ನಿಗೆ ಗೊತ್ತೈತೆ ಕಣಮ್ಮ. ನಂಗೆ ಗೊತ್ತಿರ್ಬೇಕಲ್ಲ? ಹೆಸ್ರೇ ಗೊತ್ತಿಲ್ದೆ ಬೇಡ್ಕಂಬುಟ್ರೆ ಅದು ಬರೀ ಬಾಯ್ಮಾತು."

ಬಾಯ್ಮಾತು ಕೇಳಬೇಕಿದ್ದರೆ ನಮ್ಮ ಚರ್ಚಿನ ಸಭೆಗೆ ಬನ್ನಿ. ಅಲ್ಲಿ ಯಾರಿಗೂ ಹೆಸರಿಲ್ಲ. ಗಂಡಸರೆಲ್ಲ ಬ್ರದರ್, ಹೆಂಗಸರೆಲ್ಲ ಸಿಸ್ಟರ್. ಊರಿಗೆ ಊರೇ ಒಡಹುಟ್ಟಿದವರಾಗಿಬಿಟ್ಟರೆ ಯಾರನ್ನೂ ನೆನಪಿಡಬೇಕಾಗಿಲ್ಲ ನೋಡಿ, ಎಂಥ ಅನುಕೂಲ! ಒಂದು ಭಾನುವಾರ ಪಾಸ್ಟರ್ "ಆ ಸಿಸ್ಟರ್ ಎದ್ದು ಪ್ರಾರ್ಥನೆ ಮಾಡಲಿ" ಎಂದರು.

"ಯಾವ ಸಿಸ್ಟರ್ರು ಅಯ್ಯಾ? ಇಲ್ಲಿ ಸಾಲುಗಟ್ಲೆ ಅವ್ರೆ!" ಎಂದರು ಅತ್ತೆ. ಆಮೇಲೆ ನನ್ನ ಹೆಗಲು ಮುಟ್ಟಿ, "ಇವ್ಳ್ ಹೆಸ್ರು ಹೇಳಿ ನೋಡಾನ."

ಪಾಸ್ಟರ್ ಕೆಮ್ಮಿದರು. ನೀರು ಕುಡಿದರು. ಆಮೇಲೆ ಹಾಡು ಶುರು ಮಾಡಿಬಿಟ್ಟರು. ಅವತ್ತಿನಷ್ಟು ಉದ್ದದ ಹಾಡನ್ನು ನಾನು ಮತ್ತೆಂದೂ ಕೇಳಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಕಣ್ಣೆದುರೇ ಕೂರುವವಳು ನಾನು.

ಹೋದ ವರ್ಷ ನನ್ನ ಮಗು ಉಸಿರಿಲ್ಲದೆ ಹುಟ್ಟಿತು. ಹೆಣ್ಣು. ಸಭೆಯವರೆಲ್ಲ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದರು. "ದೇವರ ಚಿತ್ತ ಸಿಸ್ಟರ್" ಎಂದರು. ಮಣ್ಣು ಮಾಡುವಾಗ ಪಾಸ್ಟರ್ "ಈ ಮಗು" ಎಂದರು, ಅಷ್ಟೇ. ನಾನು ಬಸುರಿಯಾಗಿದ್ದಾಗಲೇ, ಹೆಣ್ಣಾದರೆ ಇರಲೆಂದು, ಒಂದು ಹೆಸರಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಒಬ್ಬರಾದರೂ ಕೇಳಲಿ ಎಂದು ಕಾದೆ. ಬಾಳೆಹಣ್ಣು ಕಪ್ಪಾಯಿತೇ ಹೊರತು ಯಾರೂ ಕೇಳಲಿಲ್ಲ.

ಅತ್ತೆಯೂ ಕೇಳಲಿಲ್ಲ! ನನ್ನ ಹೊಟ್ಟೆ ಉರಿದುಹೋದದ್ದು ಅದಕ್ಕೇ. ಕಂಡಕ್ಟರನ ಹೆಂಡತಿಯ ಹೆಸರು ಬೇಕು, ಸ್ವಂತ ಮೊಮ್ಮಗಳದ್ದು ಬೇಡವೇ? ಪಕ್ಕದಲ್ಲಿ ಕೂತು ತಲೆ ಬಾಚಿದರು, ಗಂಜಿ ಕುಡಿಸಿದರು, ಆ ಒಂದು ಮಾತು ಮಾತ್ರ ಎತ್ತಲಿಲ್ಲ. ಅಂದಿನಿಂದ ನಾನು ಅವರ ಕಾಯಿಲೆಯನ್ನು ಕಂಡಕಂಡವರ ಮುಂದೆ ಹೇಳಿಕೊಂಡು ನಗತೊಡಗಿದೆ. ಈ ಬರಹ ಶುರು ಮಾಡಿದ್ದೂ ಅದೇ ಸಿಟ್ಟಿನಲ್ಲಿ.

ಮೊನ್ನೆ ಬೆಳಿಗ್ಗೆ ಕಾಫಿ ಹಿಡಿದು ಅವರ ಕೋಣೆಯ ಬಾಗಿಲಿಗೆ ಹೋದೆ. ಪಾವಗಡ ಬಂದಿತ್ತು. ಕಂಡಕ್ಟರನ ಹೆಂಡತಿಯ ಮಂಡಿಯೂ ಮುಗಿದಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಅತ್ತೆ ಹೇಳಿದರು:

"ಇನ್ನೊಬ್ಳವ್ಳೆ ಸ್ವಾಮಿ. ಅವ್ಳ್ ಹೆಸ್ರು ಅವ್ಳ ಅವ್ವನತ್ರ ಐತೆ. ಕೇಳಿ ಅವ್ಳ ಗಾಯ ಕೆದಕಕ್ಕೆ ನಂಗೆ ಬಾಯಿ ಬರ್ತಿಲ್ಲ. ಅವ್ಳೇ ಹೇಳೋಗಂಟ ದಿನಾ ಇಂಗೇ ಕೂತಿರ್ತೀನಿ."

ಆಮೇಲೆ ಅದೇ ಮೌನ. ದಿನವೂ ನನ್ನ ಕಾಫಿ ಆರಿಸುತ್ತಿದ್ದ ಮೌನ.

ಕಾಫಿ ಲೋಟವನ್ನು ಹೊಸ್ತಿಲ ಮೇಲಿಟ್ಟೆ. "ಸಲೋಮಿ," ಎಂದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅತ್ತೆ ತಿರುಗಲಿಲ್ಲ, ಕಣ್ಣೂ ತೆರೆಯಲಿಲ್ಲ.

"ಸಲೋಮಿ," ಎಂದರು. "ಕೇಳಿಸ್ತಾ ಸ್ವಾಮಿ? ಸಲೋಮಿ ಅಂತ. ನನ್ ಮೊಮ್ಮಗ್ಳು."