ಬಾಳೆನಾರಿನ ಗಂಟು ಮತ್ತು ಗದ್ದೆಗುಬ್ಬಿಯ ಕುರಿತು

ಇಂದ,
ವೆರೊನಿಕಾ, ೫೭ ವರ್ಷ,
ಮಲ್ಲಿಗೆ ಕಟ್ಟುವವಳು,
ಪರ್ಕಳ, ಉಡುಪಿ ತಾಲೂಕು.

ಗೆ,
ಮಾನ್ಯ ಅಧ್ಯಕ್ಷರು,
ಪಕ್ಷಿನಾಮ ಇತ್ಯರ್ಥ ಸಮಿತಿ.
(ವಿಳಾಸ ಸಂಶೋಧಕಿ ಚೈತಾಲಿಯವರ ಬಳಿ ಉಂಟು.)

ವಿಷಯ: ಹಕ್ಕಿಗಿಟ್ಟ ಅರ್ಜಿದಾರಳ ಹೆಸರನ್ನು ಬೇಕಿದ್ದರೆ ತೆಗೆದುಹಾಕಿ, ಅವಳ ಗಂಡನ ಕಣ್ಣು ಸರಿಯಿತ್ತೆಂದು ದಾಖಲಿಸುವ ಬಗ್ಗೆ.

ಉಲ್ಲೇಖ: ೧. ಚೈತಾಲಿಯವರ ವರದಿ.
೨. ಅರ್ಜಿದಾರಳ ಮನಸ್ಸಾಕ್ಷಿ, ೧೯೯೪ರಿಂದ ಬಾಕಿ.

ಮಾನ್ಯರೇ,

೧. ಅರ್ಜಿದಾರಳ ಪತಿ ಶ್ರೀ ಬ್ಯಾಪ್ಟಿಸ್ಟ್ ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕರು. ೧೯೯೪ರಲ್ಲಿ ಕಾರ್ಕಳದ ಬಂಡೆಗುಡ್ಡದಲ್ಲಿ ಸತ್ತು ಬಿದ್ದಿದ್ದ ಕಂದು ಹಕ್ಕಿಯೊಂದು ಯಾರೂ ಹೆಸರಿಡದ ಹೊಸ ಜಾತಿಯೆಂದು ಕಂಡುಹಿಡಿದು, ಅದಕ್ಕೆ ಹೆಂಡತಿಯ ಹೆಸರಿಟ್ಟರು. ಮದುವೆಯಾದ ಮೇಲೆ ಅವರು ಕೊಟ್ಟ ಉಡುಗೊರೆ ಅದೊಂದೇ ಆದಕಾರಣ, ಅರ್ಜಿದಾರಳು ಇಗರ್ಜಿಯ ಮಹಿಳಾ ಸಂಘದಲ್ಲಿ ಅದನ್ನು ಬೇಕಾದಷ್ಟು ಸಲ ಹೇಳಿಕೊಂಡಿದ್ದಾಳೆ.

೨. ತಮಗೆ ತಿಳಿದಂತೆ, ಹಕ್ಕಿಯ ಹೆಸರು ಪುಸ್ತಕಕ್ಕೆ ಸೇರಿದ್ದಲ್ಲ. ಕಾಲಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟ ಆ ಒಂದು ಮೂಲ ಮಾದರಿಗೆ ಸೇರಿದ್ದು. ಸದರಿ ಮಾದರಿಯು ಕಾರ್ಕಳದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸುಖವಾಗಿ ಮಲಗಿತ್ತು. ಕಳೆದ ತಿಂಗಳು ಮಣಿಪಾಲದ ಚೈತಾಲಿಯವರು ಪೆಟ್ಟಿಗೆ ತೆರೆದು, ಫೋಟೋ ಹಿಡಿದು ಮನೆಗೆ ಬಂದರು.

"ಸರ್, ಇದು ಮಾಮೂಲಿ ಗದ್ದೆಗುಬ್ಬಿ ಅಲ್ವಾ?"

ಪತಿಯವರು ತುಂಬ ಹೊತ್ತು ನೋಡಿದರು. "ಹೌದು, ಗದ್ದೆಗುಬ್ಬಿಯೇ. ಆಗ ನನ್ನ ಕಣ್ಣಿಗೆ ಎಂತ ಆಗಿತ್ತೋ," ಎಂದರು.

ಗದ್ದೆಗುಬ್ಬಿಗೆ ಮೊದಲೇ ಬೇರೆ ಹೆಸರು ಇರುವ ಕಾರಣ ಅರ್ಜಿದಾರಳ ಹೆಸರು ರದ್ದಾಗುತ್ತದೆ. ಅದು ಹೋಗಲಿ.

೩. ಅಂದಿನಿಂದ ಪತಿಯವರು ದುರ್ಬೀನನ್ನು ಟ್ರಂಕಿಗೆ ಹಾಕಿದ್ದಾರೆ. ನಲವತ್ತು ವರ್ಷಗಳ ಹಕ್ಕಿ ಟಿಪ್ಪಣಿಗಳನ್ನು ಗುಜರಿಯವನಿಗೆಂದು ಕಟ್ಟಿಟ್ಟಿದ್ದಾರೆ. ಮೊನ್ನೆ ಬಾವಿಕಟ್ಟೆಯ ಮೇಲಿನ ಕಾಗೆಯನ್ನು ತೋರಿಸಿ, "ಅದು ಕಾಗೆಯೇ ಅಲ್ವಾ ಮಾರಾಯ್ತಿ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

೪. ಉಲ್ಲೇಖ ೧ರಲ್ಲಿ, "ಚೀಟಿಯನ್ನು ಬಾಳೆನಾರಿನಲ್ಲಿ ಮತ್ತೆ ಕಟ್ಟಿದಂತಿದೆ, ಕಟ್ಟಿದವರು ತಿಳಿದುಬಂದಿಲ್ಲ" ಎಂದಿದೆ. ತಿಳಿದುಬಂದಿದೆ. ಕಾಪು ಬಳಿಯ ಶಂಕರಪುರದಲ್ಲಿ ಹುಟ್ಟಿ, ಏಳನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದವಳ ಗಂಟು ಅದು. ಹಕ್ಕಿ ನೋಡುವ ಇಬ್ಬರೂ ಗಂಟು ಗುರುತಿಸಲಿಲ್ಲ.

೫. ಆ ವರ್ಷ ಹೊಸ ಹಕ್ಕಿಯ ವಿವರ ಬರೆದು ಕಳುಹಿಸಿದ ಬೆನ್ನಿಗೇ ಪತಿಯವರು ಕಾಮಾಲೆಯಾಗಿ ಮಲಗಿದರು. ಕಾರ್ಕಳದ ಹಕ್ಕಿಯೂ, ಅಲೆವೂರಿನಲ್ಲಿ ಸತ್ತು ಸಿಕ್ಕಿದ ಗದ್ದೆಗುಬ್ಬಿಯೂ ಹೊಟ್ಟೆಗೆ ಹತ್ತಿ ತುಂಬಿಸಿಕೊಂಡು ಒಂದೇ ತಟ್ಟೆಯಲ್ಲಿ ಒಣಗುತ್ತಿದ್ದವು. ಇರುವೆ ಮುತ್ತಿತು. ಎತ್ತಿ ಕೊಡವಿದಾಗ ಎರಡು ಚೀಟಿಗಳೂ ಕಳಚಿ ಬಿದ್ದವು. ಎರಡೂ ಕಂದು, ಎರಡಕ್ಕೂ ಎದೆಯಲ್ಲಿ ಗೆರೆ, ಎರಡೂ ಸತ್ತಿದ್ದವು. ಇನ್ನೂ 'ಅರ್ಜಿದಾರಳು' ಎನ್ನುತ್ತ ಕೂರುವುದು ಹೇಡಿತನ. ಅಂದಾಜಿನಲ್ಲಿ ಕಟ್ಟಿದವಳು ನಾನು. ಬಸ್ಸಿನಲ್ಲಿ ಕಾರ್ಕಳಕ್ಕೆ ಒಯ್ದು ಕೊಟ್ಟವಳೂ ನಾನೇ. "ಯಾರೂ ಮುಟ್ಟಲಿಲ್ಲವಲ್ಲ?" ಎಂದು ಅವರು ಕೇಳಿದಾಗ, "ನಿಮ್ಮ ಹೆಣಗಳನ್ನು ಯಾರು ಮುಟ್ಟುತ್ತಾರೆ?" ಎಂದುಬಿಟ್ಟೆ. ಇನ್ನೊಂದು ಹಕ್ಕಿ, ಅಂದರೆ ಅವರು ಕಂಡುಹಿಡಿದ ನಿಜವಾದ ಹಕ್ಕಿ, ಗದ್ದೆಗುಬ್ಬಿಯ ಚೀಟಿ ಹೊತ್ತು ಶಾಲೆಯೊಂದಕ್ಕೆ ಹೋಗಿ, ಹುಳ ಹಿಡಿದು ಪುಡಿಯಾಯಿತು.

ಆದ್ದರಿಂದ ಈಗ ಉಳಿದಿರುವ ಸಾಕ್ಷಿ ನನ್ನ ಬಾಯಿ ಮಾತ್ರ. ನನ್ನ ಹೆಸರನ್ನು ತಾವು ಉಳಿಸಿದರೂ ಅಳಿಸಿದರೂ ತಕರಾರಿಲ್ಲ. ಆದರೆ "ಬ್ಯಾಪ್ಟಿಸ್ಟ್ ಸರಿಯಾಗಿಯೇ ನೋಡಿದ್ದರು" ಎಂಬ ಒಂದು ಸಾಲನ್ನು ಮೊಹರು ಹಾಕಿ ಕಳುಹಿಸಬೇಕು. ಹೆಂಡತಿ ಹೇಳಿದರೆ ಸಮಾಧಾನಕ್ಕೆ ಹೇಳಿದ್ದೆಂದುಕೊಳ್ಳುವ ಜನ ಅವರು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ವೆರೊನಿಕಾ

ಅಡಕ:
೧. ಚೀಟಿಯ ಫೋಟೋ.
೨. ಅದೇ ಗಂಟಿನ ಒಂದು ಅಟ್ಟೆ (ನಾಲ್ಕು ಚೆಂಡು) ಮಲ್ಲಿಗೆ, ಹೋಲಿಸಿ ನೋಡಲು. ತಲುಪುವಾಗ ಬಾಡಿದ್ದರೆ ಮನ್ನಿಸಬೇಕು.

ಪ್ರತಿ: ಶ್ರೀ ಬ್ಯಾಪ್ಟಿಸ್ಟ್ ಅವರಿಗೆ, ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ. ಮೇಜಿನ ಮೇಲೆ, ಕನ್ನಡಕದ ಅಡಿಯಲ್ಲಿ ಇಡಲಾಗಿದೆ. ನಾನು ಸಂಜೆಯವರೆಗೆ ತಂಗಿಯ ಮನೆಯಲ್ಲಿರುತ್ತೇನೆ. ಗಂಜಿ ಮುಚ್ಚಿಟ್ಟಿದೆ, ಇದನ್ನು ಓದುವ ಮೊದಲೇ ಊಟ ಮುಗಿಸಬೇಕಾಗಿ ವಿನಂತಿ.