ಸೋಮವಾರ ಗುಂಡು ಹಾರಿಸದ ಮಾವ

ನಮ್ಮ ಸೋದರಮಾವ ಕೊಲೆಗಾರರು. ಗಾಬರಿಯಾಗಬೇಡಿ! ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದರೆ ಅದನ್ನು ಬಿಸಿಲಿಗಿಟ್ಟು, ಕೊನೆಯ ಇರುವೆ ಹೊರಟುಹೋಗುವ ತನಕ ಸಕ್ಕರೆಯಿಲ್ಲದ ಚಹಾ ಕುಡಿಯುವ ಮನುಷ್ಯ ಅವರು. ಆದರೆ ಕಂಪ್ಯೂಟರಿನ ಮುಂದೆ ಕೂತರೋ ಮುಗಿಯಿತು, ಮಧ್ಯಾಹ್ನದ ಊಟದೊಳಗೆ ಒಂದು ಪಲ್ಟನ್ನನ್ನೇ ಮಲಗಿಸಿಬಿಡುತ್ತಾರೆ. ಸೋಮವಾರ ಮಾತ್ರ ಇಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವಿದ್ದ ದಿನ ಬಂದೂಕಿಗೂ ಬಿಡುವಿರಬೇಕು ಎಂಬುದು ಮಾವನ ಶಾಸ್ತ್ರ. ಹಾಗಂತ ಆಟ ಬಿಡುತ್ತಾರೆಯೇ? ಎಲ್ಲಿ ಬಂತು! ಬಂದೂಕು ಹೆಗಲಿಗೇರಿಸಿ, ಶತ್ರುಗಳ ನಡುವೆ ಊರು ನೋಡುತ್ತ ಅಡ್ಡಾಡುತ್ತಾರೆ, ಐದು ನಿಮಿಷಕ್ಕೊಮ್ಮೆ ಸಾಯುತ್ತಾರೆ. ಶತ್ರುಗಳಿಗೆ ಸೋಮವಾರವಿಲ್ಲವಲ್ಲ!

ಮಾವ ನಲವತ್ತು ವರ್ಷ ಆದೋನಿಯಲ್ಲಿ ಹತ್ತಿಯ ದರ್ಜೆ ನೋಡುತ್ತಿದ್ದವರು. ಒಂದು ಚಿಟಿಕೆ ಹತ್ತಿಯನ್ನು ಬೆರಳ ತುದಿಯಲ್ಲಿ ಎಳೆದು, ಎಳೆ ಎಷ್ಟುದ್ದ, ಮಾಲು ದೇವನಕೊಂಡದ ಕಡೆಯದೋ ಕೌತಾಳಂ ಕಡೆಯದೋ ಹೇಳಿಬಿಡುತ್ತಿದ್ದರು. ಕೆಲಸ ಬಿಟ್ಟ ಮೇಲೆ ಬೆರಳು ಸುಮ್ಮನಿರಬೇಕಲ್ಲ! ಹೊದಿಕೆ, ಪಂಚೆ, ಬಂದ ನೆಂಟರ ಅಂಗಿಯ ತೋಳು, ಎಲ್ಲವನ್ನೂ ತಿಕ್ಕಿ ನೋಡತೊಡಗಿದರು. ನನ್ನ ತಂಗಿಯನ್ನು ನೋಡಲು ಬಂದ ವರನ ಅಂಗಿ ತಿಕ್ಕಿ, ಎಲ್ಲರೆದುರಿಗೆ ಕಲಬೆರಕೆ ಮಾಲು ಎಂದರು. ಅವರು ಹೇಳಿದ್ದು ಅಂಗಿಗೆ, ವರನ ಅಪ್ಪ ಹಚ್ಚಿಕೊಂಡದ್ದು ವಂಶಕ್ಕೆ. ಸಂಬಂಧ ತಪ್ಪಿತು. ಅಂದೇ ನಾನು ನನ್ನ ಹಳೆಯ ಕಂಪ್ಯೂಟರನ್ನು ಅವರಿಗೆ ಕೊಟ್ಟೆ, ಭಜನೆ ಕೇಳಿಕೊಂಡಿರಲಿ ಎಂದು. ಅದರೊಳಗೆ ಗುಂಡು ಹಾರಿಸುವ ಆಟವೊಂದು ಉಳಿದುಬಿಟ್ಟಿತ್ತು. ಭಜನೆ ಅಲ್ಲಿಗೆ ನಿಂತಿತು.

ಕಳೆದ ವರ್ಷ ಅತ್ತೆಗೆ ಲಕ್ವ ಹೊಡೆದು ಬಲಗೈ ಸೋತಿತು. ಮಾತು ತಿರುಗಿ ಬಂತು, ನಡಿಗೆ ಬಂತು, ಕೈ ಮಾತ್ರ ಬರಲಿಲ್ಲ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ನಾಲ್ಕು ದಿನ ಹಿಸುಕಿ, ಬೇಸತ್ತು ಮೂಲೆಗೆ ಹಾಕಿದರು. ಎಡಗೈಯಲ್ಲೇ ಹೇಗೋ ಅಡುಗೆ ಮಾಡುತ್ತಿದ್ದರು, ಬಡಿಸಲು ಮಾತ್ರ ಒಲ್ಲರು. "ಎಡಗೈಲೆ ಹಾಕಿದ್ದನ್ನ ನಿಮಗ ಹೆಂಗ ಉಣಸಲಿ?" ಎಂದು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಮೂವತ್ತೈದು ವರ್ಷ ಬಡಿಸಿದ ಹೆಂಗಸಿಗೆ ಆ ಒಂದೇ ಸಂಕಟ. ಮಾವ ತಾವೇ ಹಾಕಿಕೊಂಡು, ತಲೆ ಎತ್ತದೆ ಉಂಡು ಏಳುತ್ತಿದ್ದರು.

ಮನೆಯಲ್ಲಿ ಸ್ವಲ್ಪ ಗೆಲುವಾಗಲಿ ಎಂದು ಆ ಆಟದ ಎರಡನೆಯ ಭಾಗ ಹಾಕಿಕೊಟ್ಟೆ. ಕೌತಾಳಂನಲ್ಲಿ ಮೇಷ್ಟ್ರಾಗಿರುವ ನಾನು ಮುಂದಿನ ಭಾನುವಾರ ಬಸ್ಸಿಳಿದು ಹೋದರೆ, ಮಾವ ಕೆಂಡವಾಗಿದ್ದರು! ಎರಡನೆಯ ಭಾಗವನ್ನು ಕಂಪನಿಯವರು ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆಗೆಂದೇ ಮಾಡಿ, ಕಂಪ್ಯೂಟರಿನವರ ಕೈಗೆ ಹಾಗೇ ತುರುಕಿದ್ದರಂತೆ. ಅಕ್ಷರಗಳು ಬಟ್ಟೆ ಅಂಗಡಿಯ ಬೋರ್ಡಿನಷ್ಟು, ದೂರದ ಸೋಫಾದಲ್ಲಿ ಒರಗಿದವರಿಗೂ ಕಾಣಲೆಂದು. ಬೇಕಾದಲ್ಲಿ ಆಟ ಉಳಿಸಿ ಏಳುವ ಹಾಗಿಲ್ಲ, ಅವರು ಗೊತ್ತು ಮಾಡಿದ ಜಾಗ ಮುಟ್ಟಬೇಕು. ಅಲ್ಲಿಯ ತನಕ ಒಂದಕ್ಕೂ ಏಳುವಂತಿಲ್ಲ! ಇನ್ನು ಸೇತುವೆಯ ಕಥೆ. ಹಸಿರು 'ಎ' ಗುಂಡಿ ಒತ್ತಿರಿ ಎಂದು ತೆರೆ ಹೇಳಿತು. ಆ ಗುಂಡಿ ಇರುವುದು ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನಲ್ಲಿ. ಮಾವ ಕೀಬೋರ್ಡಿನ 'ಎ' ಒತ್ತಿದರು. ಅದು ಎಡಕ್ಕೆ ಹೆಜ್ಜೆ ಇಡುವ ಕೀಲಿ. ವೀರಯೋಧ ಗಂಭೀರವಾಗಿ ಎಡಕ್ಕೆ ಸರಿದು ನದಿಗೆ ಬಿದ್ದ. ಹನ್ನೊಂದು ಸಲ ಬಿದ್ದ. ಹನ್ನೆರಡನೆಯ ಸಲ ಮಾವ ಅತ್ತೆ ಹಣೆಗಿಡುವ ಹಸಿರು ಟಿಕಳಿಯೊಂದನ್ನು ಆ ಕೀಲಿಗೆ ಅಂಟಿಸಿ ಒತ್ತಿದರು. ಆಗಲೂ ಬಿದ್ದ!

ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಗುರಿಯ ವಿಷಯಕ್ಕೆ. ಕಂಟ್ರೋಲರಿನಲ್ಲಿ ಗುರಿ ಹಿಡಿಯುವುದು ಹೆಬ್ಬೆರಳಿನಿಂದ. ಅದು ಅಷ್ಟು ನಾಜೂಕಾಗಿ ಆಡದು ಎಂದು ಬಂದೂಕು ತಾನೇ ಶತ್ರುವಿನ ಕಡೆ ಜಾರುವಂತೆ ಮಾಡಿದ್ದರು. ಬೆರಳನ್ನೇ ನಂಬಿ ಬದುಕಿದ ಮನುಷ್ಯನಿಗೆ ಇದು ಸಹಿಸುವ ಮಾತೇ?

"ಬೆರಳಿನ ಕೆಲಸ ಒಯ್ದು ಹೆಬ್ಬೆಟ್ಟಿಗೆ ಕೊಟ್ಟಾರ. ಗುರಿ ನಂದೋ, ಕಂಪನೀದೋ?" ಎಂದು ನನ್ನನ್ನೇ ಕೇಳಿದರು. ನಾನು ಬಂದೂಕು ತಾನೇ ಜಾರುವ ಆ ಸಹಾಯವನ್ನು ಬಂದ್ ಮಾಡಿಕೊಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದೆ. ಶತ್ರುಗಳಿಗೆ ತೆಲುಗಿನಲ್ಲಿ, ಕಂಪನಿಗೆ ಕನ್ನಡದಲ್ಲಿ ಅವರು ಬೈಯುತ್ತಿದ್ದದ್ದು ಬೀದಿಯ ತುದಿಯವರೆಗೆ ಕೇಳಿಸುತ್ತಿತ್ತು.

ಎರಡು ವಾರದ ಮೇಲೆ ಅವರದೇ ಫೋನು. ಬರುವಾಗ ಒಂದು ಕಂಟ್ರೋಲರ್ ತರಬೇಕಂತೆ! ಹೆಬ್ಬೆಟ್ಟಿನವರ ಪಾರ್ಟಿ ಸೇರಿದಿರೇನು ಎಂದು ನಾನು ನಕ್ಕೆ.

"ನನಗಲ್ಲೋ. ನಿಮ್ಮ ಅತ್ತೀಗೆ," ಎಂದರು. "ಚೆಂಡು ಹಿಸುಕಾಕ ಒಲ್ಲಳು. ಇದನ್ನರ ಒತ್ತಲಿ."

ಅತ್ತೆ ಸುಲಭಕ್ಕೆ ಬಗ್ಗುವವರೇ? ಈ ವಯಸ್ಸಿನಲ್ಲಿ ಮಂದಿಯನ್ನು ಕೊಲ್ಲಬೇಕೇ ಎಂದು ಎರಡು ದಿನ ಮುಖ ತಿರುಗಿಸಿದರು. ಕೊನೆಗೊಂದು ಒಪ್ಪಂದವಾಯಿತು. ಆಟ ಮೌಸು, ಕಂಟ್ರೋಲರು ಎರಡರ ಮಾತನ್ನೂ ಒಟ್ಟಿಗೇ ಕೇಳುತ್ತಿತ್ತು. ಮಾವ ಮೌಸಿನಲ್ಲಿ ಗುರಿ ಹಿಡಿಯುವುದು, ಅತ್ತೆ ಬಲಗೈ ಬೆರಳಿನಿಂದ ಬಂದೂಕಿನ ಕುದುರೆ ಎಳೆಯುವುದು. ಪಾಪ ಅರ್ಧರ್ಧ! ಆದರೂ ಅತ್ತೆ ನೀರು ಕುಡಿಯುತ್ತಿದ್ದ ಸಿಪಾಯಿಗೆ ಹೊಡೆಯಲೊಲ್ಲರು. ಅವನು ಸಾವಕಾಶವಾಗಿ ನೀರು ಕುಡಿದು, ತಿರುಗಿ, ಇವರನ್ನೇ ಕೊಂದ. ಮಾವ ಹಲ್ಲು ಕಡಿದರೆ ಅತ್ತೆಯದು ಒಂದೇ ಉತ್ತರ: "ನೀರಡಿಕಿ ಆಗಿತ್ತು ಅವಗ."

ಸೋಮವಾರ ಬಿಟ್ಟು ದಿನಾ ಬೆಳಗ್ಗೆ ಇದೇ ಜಗಳ. ಮೊದಮೊದಲು ಬೆರಳು ಕುದುರೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಆಮೇಲೆ ಒತ್ತಿತು. ಎರಡು ತಿಂಗಳಿಗೆ ಹೆಬ್ಬೆರಳೂ ಆಡತೊಡಗಿತು. ಅಂದು ಮಾವ ಮೌಸು ಬಿಟ್ಟರು. ಹೀನಾಮಾನ ಬೈದಿದ್ದ ಆ ಗುರಿಯ ಸಹಾಯವನ್ನು ತಮ್ಮ ಕೈಯಾರೆ ಚಾಲೂ ಮಾಡಿ, ಪಕ್ಕಕ್ಕೆ ಸರಿದು ಕೂತರು.

ಹೋದ ಭಾನುವಾರ ನಾನೂ ಮಾವನೂ ಊಟಕ್ಕೆ ಕೂತಿದ್ದೆವು. ಮಾವ ಎಂದಿನಂತೆ ಸಾರಿನ ಪಾತ್ರೆಗೆ ಕೈ ಚಾಚಿದರೆ, ಅತ್ತೆ ಅದನ್ನು ತಮ್ಮ ಕಡೆ ಎಳೆದುಕೊಂಡರು. ಸೌಟು ಬಲಗೈಯಲ್ಲಿತ್ತು. ಅದು ಮೇಲೆದ್ದಿತು, ನಡುಗಿತು. ಅರ್ಧ ಸಾರು ಅನ್ನಕ್ಕೆ, ಅರ್ಧ ಮಾವನ ಪಂಚೆಗೆ. ಅತ್ತೆಯ ಮುಖ ಸಣ್ಣದಾಯಿತು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಮಾವ ಪಂಚೆಯ ಕಡೆ ನೋಡಲೂ ಇಲ್ಲ.

"ಇನ್ನೊಂದು ಸೌಟು ಹಾಕು," ಎಂದರು.

ಎರಡನೆಯ ಸೌಟು ಓಲಾಡುತ್ತ ಬಂತು. ಮಾವ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಹಿಡಿದರು. ಸೌಟು ಎಡಕ್ಕೆ ವಾಲಿದರೆ ತಟ್ಟೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಅತ್ತೆ ಕಣ್ಣು ತುಂಬಿಕೊಂಡು ನಕ್ಕರು. ಮಾವ ತಟ್ಟೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ.